ಹಸಿರು ಅಕ್ಷರ ನಂಬದ ಟೇಪಕ್ಕ

ಬೆಳಗಿನ ಐದೂವರೆ. ನೋಂದಣಿ ಕಚೇರಿಯ ನೆಲಮಾಳಿಗೆಗೆ ಹದಿನೆಂಟು ಮೆಟ್ಟಿಲಿಳಿದು, ಸ್ವೆಟರ್ ಮೇಲೊಂದು ಶಾಲು ಹೊದ್ದು, ಟೇಪಕ್ಕ ಪರದೆಯ ಮುಂದೆ ಕೂತಿದ್ದಾರೆ. ಬೀರುವಿನಷ್ಟು ಎತ್ತರದ ಕಂಪ್ಯೂಟರು ಪಕ್ಕದಲ್ಲೇ ಗುಂಯ್‌ಗುಡುತ್ತಿದೆ. ಊರಿನ ಹುಟ್ಟು-ಸಾವುಗಳೆಲ್ಲ ಅದರ ಹೊಟ್ಟೆಯಲ್ಲಿವೆ. ಅದರಲ್ಲಿರುವುದನ್ನು ದಿನಾ ಟೇಪಿಗೆ ನಕಲಿಳಿಸಿ ಕಾಪಾಡುವುದು ಇವರ ಇಪ್ಪತ್ತೊಂಬತ್ತು ವರ್ಷಗಳ ಕೆಲಸ. ಅದಕ್ಕೇ ಕಚೇರಿಗೆಲ್ಲ ಇವರು ಟೇಪಕ್ಕ.

ಇವತ್ತು ಎಂದಿನಂಥ ದಿನವಲ್ಲ. ಒಂಬತ್ತಕ್ಕೆ ಎಂಜಿನಿಯರುಗಳು ಬಂದು ಯಂತ್ರದ ಡಿಸ್ಕುಗಳನ್ನೆಲ್ಲ ಅಳಿಸಿ ಹೊಸದು ಕೂರಿಸುತ್ತಾರೆ. ಆಮೇಲೆ ಉಳಿಯುವುದು ಟೇಪು ಮಾತ್ರ. ನಕಲು ಸರಿಯಿದೆ ಎಂದು ಸಹಿ ಹಾಕಬೇಕಾದವರು ಇವರೊಬ್ಬರೇ.

ಪರದೆಯ ಮೇಲೆ 'ಯಶಸ್ವಿ' ಎಂದು ಹಸಿರು ಅಕ್ಷರ ಮೂಡಿದೆ. ಇವರ ಕೆಲಸ ನೋಡಿ ಬರೆಯಲು ಬಂದ ನಾನಾಗಿದ್ದರೆ ಸಹಿ ಗೀಚಿ ಕಾಫಿಗೆ ಓಡುತ್ತಿದ್ದೆ. ಇವರು ಪೆನ್ನನ್ನೇ ಮುಟ್ಟುವುದಿಲ್ಲ.

ಹಾಲಲ್ಲಿ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಲ್ಲ, ಹಾಗೆ. ಇಪ್ಪತ್ತೆರಡು ವರ್ಷದ ಹಿಂದೆ ಯಂತ್ರಕ್ಕೊಂದು ಹೊಸ ಡಿಸ್ಕು ಜೋಡಿಸಿದ್ದರು. ಯಾವ ಯಾವ ಡಿಸ್ಕನ್ನು ನಕಲು ಮಾಡಬೇಕೆಂಬ ಸೆಟ್ಟಿಂಗಿನ ಪಟ್ಟಿಗೆ ಅದರ ಹೆಸರು ಸೇರಿಸಲು ಇವರು ಮರೆತರು. ಹನ್ನೊಂದು ದಿನವೂ ಪರದೆ 'ಯಶಸ್ವಿ' ಎಂದೇ ಹೇಳಿತು. ಹನ್ನೆರಡನೇ ದಿನ ಆ ಡಿಸ್ಕು ಕೆಟ್ಟಿತು. ಟೇಪಿನಲ್ಲಿ ನೋಡಿದರೆ ಹನ್ನೊಂದು ದಿನದ್ದು ಏನೂ ಇಲ್ಲ.

ಮುಂದಿನ ವಾರ ಹೆಂಗಸೊಬ್ಬರು ಬಂದರು. ಅವರ ಮಗಳು ಹುಟ್ಟಿ ನಾಲ್ಕು ದಿನ ಬದುಕಿದ್ದಳು. ಹುಟ್ಟಿದ್ದೂ ಹೋದದ್ದೂ ಆ ಹನ್ನೊಂದು ದಿನಗಳೊಳಗೇ. "ನನ್ನ ಮಗು ಹುಟ್ಟಿತ್ತು ಅಂತ ಒಂದು ಕಾಗದ ಕೊಡಿ ಅಂದ್ರು. ಇನ್ನೇನೂ ಕೇಳ್ಲಿಲ್ಲ," ಎನ್ನುತ್ತಾರೆ ಟೇಪಕ್ಕ. ಆಸ್ಪತ್ರೆಯ ಹಳೇ ರಿಜಿಸ್ಟರು ತಡಕಿ, ಮಗುವಿನ ದಾಖಲೆಯನ್ನು ಯಂತ್ರಕ್ಕೆ ಮತ್ತೆ ಸೇರಿಸಿ, ಆ ಕಾಗದ ಕೊಡಲು ಐದು ತಿಂಗಳು ಹಿಡಿಯಿತು.

ಅಂದಿನಿಂದ ಟೇಪಿನ ಪರೀಕ್ಷೆಗೆ ಇವರು ಹುಡುಕುವುದು ಆ ಮಗುವಿನ ದಾಖಲೆಯನ್ನೇ. ಮನೆಯಲ್ಲೂ ಬೀಗವನ್ನು ಮೂರು ಸಲ ಎಳೆದು ನೋಡುತ್ತಾರಂತೆ. ಕಳ್ಳನೂ ಬೇಜಾರಾಗಿ ವಾಪಸ್ ಹೋಗಿರುತ್ತಾನೆ ಎಂದು ದರ್ಜಿ ಗಂಡ ಛೇಡಿಸುತ್ತಾರಂತೆ.

ಈಗ ಟೇಪು ಹಾಕಿ ಆ ದಾಖಲೆಯ ಸಂಖ್ಯೆ ಒತ್ತುತ್ತಾರೆ. ದಾಖಲೆ ಇಲ್ಲ. ಮತ್ತೆ ಒತ್ತುತ್ತಾರೆ. ಇಲ್ಲ.

ಪಟ್ಟಿ ತೆರೆದಾಗ ವಿಷಯ ಹೊರಬೀಳುತ್ತದೆ. ನಿನ್ನೆ, ಗುರುವಾರ, ಕಣ್ಣು ತೋರಿಸಲೆಂದು ಇವರು ರಜೆ ಹಾಕಿದ್ದರು, ವರ್ಷಕ್ಕೊಂದೇ ರಜೆ. ಅದೇ ದಿನ ಡಿಸ್ಕೊಂದು ತೊಂದರೆ ಕೊಟ್ಟು, ಆ ಮಗು ಹುಟ್ಟಿದ ವರ್ಷವೂ ಸೇರಿ ಅದರಲ್ಲಿದ್ದ ನಾಲ್ಕು ವರ್ಷದ ದಾಖಲೆಗಳನ್ನು ಸಹೋದ್ಯೋಗಿಗಳು ತಾತ್ಕಾಲಿಕವಾಗಿ ಬೇರೊಂದಕ್ಕೆ ಸಾಗಿಸಿದ್ದರು. ಅದರ ಹೆಸರು ಪಟ್ಟಿಯಲ್ಲಿಲ್ಲ. ಮತ್ತದೇ ತಪ್ಪು. ಬಂದ ತಕ್ಷಣ ಪಟ್ಟಿ ನೋಡಬೇಕಿತ್ತು ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ.

ಹೆಸರು ಸೇರಿಸಿ ನಕಲು ಮತ್ತೆ ಶುರು ಮಾಡುತ್ತಾರೆ. ಮೂರು ಗಂಟೆಯ ಕೆಲಸ. ಮೇಲಧಿಕಾರಿಗೆ ಫೋನು ಮಾಡಿದರೆ, ವರದಿಯಲ್ಲಿ ಯಶಸ್ವಿ ಎಂದೇ ಇದೆಯಲ್ಲ, ಸಹಿ ಹಾಕಿ ಮುಗಿಸಿ ಎನ್ನುತ್ತಾರೆ.

"ಸಾರ್, ಪಟ್ಟಿಲಿರೋದನ್ನೆಲ್ಲ ಅದು ಬರೆದಿದೆ. ಪಟ್ಟಿಲೇ ಇಲ್ಲದ್ದು ಬಿಟ್ಟುಹೋಗಿದೆ ಅಂತ ಅದಕ್ಕೆ ಹೇಗೆ ಗೊತ್ತಾಗ್ಬೇಕು? ನಾನು ಸಹಿ ಹಾಕಲ್ಲ."

ದನಿ ಎತ್ತರಿಸುವುದಿಲ್ಲ. ಫೋನಿಟ್ಟ ಮೇಲೆ ಮಾತ್ರ ಅಂಗೈ ಬೆವರನ್ನು ಶಾಲಿಗೆ ಒರೆಸಿಕೊಳ್ಳುತ್ತಾರೆ. ಟೇಪು ಸುತ್ತುತ್ತದೆ. ಜೀವ ಕೈಯಲ್ಲಿ ಹಿಡಿದು ಕಾಯುವುದೆಂದರೆ ಏನೆಂದು ನನಗೆ ಅರ್ಥವಾಗುತ್ತದೆ. ಇನ್ನೆಂಟು ತಿಂಗಳಿಗೆ ಇವರಿಗೆ ನಿವೃತ್ತಿ. ಆಮೇಲೆ ಬರುವವರಿಗೆ ಏನು ಹೇಳುತ್ತೀರಿ ಎಂದು ಕೇಳುತ್ತೇನೆ. "ದಿನಾ ಬೆಳಗ್ಗೆ ಒಂದ್ಸಲ ಆ ಹುಡುಗೀನ ಕರೆದು ನೋಡ್ಲಿ. ಅಷ್ಟು ಮಾಡಿದ್ರೆ ಸಾಕು."

ಒಂಬತ್ತು ದಾಟಿದೆ. ಎಂಜಿನಿಯರು ಗಡಿಯಾರ ನೋಡುತ್ತ ಬಾಗಿಲಲ್ಲಿ ನಿಂತಿದ್ದಾರೆ. ಪರದೆಯಲ್ಲಿ ಮತ್ತೆ ಅದೇ ಹಸಿರು 'ಯಶಸ್ವಿ'. ಟೇಪಕ್ಕ ಅದರ ಕಡೆ ನೋಡದೆ ಸಂಖ್ಯೆ ಒತ್ತುತ್ತಾರೆ. ಟೇಪು ಅರ್ಧ ನಿಮಿಷ ಹುಡುಕುತ್ತದೆ. ಆಮೇಲೆ ಒಂದು ಸಾಲು ಬರುತ್ತದೆ: ಹೆಣ್ಣು ಮಗು, ಹೆಸರಿಟ್ಟಿಲ್ಲ, ನಾಲ್ಕು ದಿನ.

"ಇದ್ದಾಳೆ," ಎನ್ನುತ್ತಾರೆ ಟೇಪಕ್ಕ, ಪೆನ್ನು ಎತ್ತಿಕೊಳ್ಳುತ್ತ.