ಬಸ್ಸಿನಲ್ಲಿ ಬಿದ್ದ ನಾಲ್ಕು ಗುದ್ದು

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಕೆಲಸಗಾರರಿಗೆ ಪ್ರಥಮ ಚಿಕಿತ್ಸೆ ಕಲಿಸುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಖಾನಾಪುರದಿಂದ ಬೆಳಗಾವಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಮುದುಕರು ಶೇಂಗಾ ತಿನ್ನುತ್ತ ಏನೋ ನೆನೆದು ನಕ್ಕರು. ಮರುಕ್ಷಣ ನಗು ನಿಂತಿತು, ಉಸಿರೂ ನಿಂತಿತು. ಎರಡೂ ಕೈ ಗಂಟಲಿಗೆ ಹೋದವು, ಮುಖ ಕಪ್ಪಿಟ್ಟಿತು.

ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಎಷ್ಟೋ ಜನರಿಗೆ ಹೇಳಿಕೊಟ್ಟವನು ನಾನು. ಆದರೆ ಆಗ "ಬಸ್ ನಿಲ್ಲಸ್ರಿ!" ಎಂದು ಕೂಗಿದ್ದೊಂದೇ ಬಂತು. ಕೈ ಏಳಲೇ ಇಲ್ಲ.

ಹಿಂದಿನ ಸೀಟಿನಿಂದ ಒಬ್ಬ ಹೆಂಗಸು ಎದ್ದು ಬಂದರು. "ಬಾಜುಕ್ ಸರೀರಿ" ಎಂದು ನನ್ನನ್ನು ತಳ್ಳಿ, ಮುದುಕರನ್ನು ಮುಂದಕ್ಕೆ ಬಗ್ಗಿಸಿ, ಎದೆಗೆ ಒಂದು ಕೈ ಆನಿಸಿ, ಇನ್ನೊಂದು ಅಂಗೈಯ ಬುಡದಿಂದ ಬೆನ್ನಿನ ನಡುವೆ ಗುದ್ದಿದರು. ನಾಲ್ಕನೆಯ ಗುದ್ದಿಗೆ ಶೇಂಗಾ ಹೊರಬಿತ್ತು. ಮುದುಕರು ಕೆಮ್ಮಿ, ಉಸಿರೆಳೆದು, ಅತ್ತೇಬಿಟ್ಟರು.

"ಎಲ್ಲಿ ಕಲ್ತ್ರಿ ಅಕ್ಕಾರ?" ಎಂದೆ.

"ನಾ ಸಾಲ್ಯಾಗ ಬಿಸಿಯೂಟದ ಅಡಿಗಿ ಮಾಡಾಕಿರಿ. ಒಮ್ಮೆ ಯಾರೋ ಬಂದು ತೋರ್ಸಿದ್ರು. ಮರೀಬಾರ್ದಂತ ಮನ್ಯಾಗ ದಿಂಬಿನ ಮ್ಯಾಲೆ ರೂಢಿ ಮಾಡ್ತೀನಿ. ನೀವೇನ್ ಕೆಲ್ಸಾ ಮಾಡ್ತೀರಿ?"

ಸುಳ್ಳು ಹೇಳಬಹುದಿತ್ತು. "ಇದನ್ನ ಮಂದಿಗೆ ಕಲಿಸ್ತೀನ್ರಿ" ಎಂದೆ.

ಅವರು ನಗಲಿಲ್ಲ. "ಹಂಗಾದ್ರ ಬರ್ರಿ, ಇನ್ನೊಮ್ಮೆ ತೋರಸ್ತೀನಿ" ಎಂದು ನನ್ನನ್ನೇ ಬಗ್ಗಿಸಿದರು.

ಮುದುಕರು ಕಣ್ಣೊರೆಸಿಕೊಳ್ಳುತ್ತ, "ಸಾವಕಾಶ ತಂಗೀ, ಅವ್ರು ಶೇಂಗಾ ತಿಂದಿಲ್ಲ" ಎಂದರು. ಮಚ್ಛೆ ಸ್ಟಾಪ್ ಬರುವವರೆಗೂ ಪಾಠ ನಡೆಯಿತು.

ಮುಂದಿನ ತರಗತಿಯಲ್ಲಿ ನಾನು ಮಾತು ಕಡಿಮೆ ಮಾಡಿ, ಪ್ರತಿಯೊಬ್ಬರ ಕೈಯಲ್ಲೂ ಮಾಡಿಸಿದೆ. ಈ ಹೊಸ ಪದ್ಧತಿ ಎಲ್ಲಿಂದ ಬಂತೆಂದು, ಪುಣ್ಯಕ್ಕೆ, ಯಾರೂ ಕೇಳಲಿಲ್ಲ.