ಸೂಪರ್‌ಹೀರೋನ ಸೋದರಮಾವ

‘ಅಳಿಯಾನ ಮ್ಯಾಲ ಅಷ್ಟ ಸಿಟ್ಟಿತ್ತಂದ್ರ ಮಾವ ಅಂವನ್ನ ಸಮುದ್ರಕ್ಕ ಬೀಳಾಕ ಬಿಡಬೇಕಿತ್ತಿಲ್ಲ? ಕೈ ಯಾಕ ಚಾಚಿದಾ? ಅದನ್ನ ಮೊದಲ ಹೇಳ ಚಂದವ್ವ, ಚಾ ಆಮ್ಯಾಲ ಕೊಡು.’

ಕೇಳುತ್ತಿರುವವರು ಗಂಗಪ್ಪ. ಗೋವಾದ ಮುರ್ಮುಗಾಂವ್ ಬಂದರಿನಲ್ಲಿ ರಾತ್ರಿಪಾಳಿ ಮುಗಿಸಿ ಈಗಷ್ಟೇ ಬಂದಿದ್ದಾರೆ. ಮುಖ ತೊಳೆದಿದ್ದಾರೆ, ಆದರೆ ಹುಬ್ಬಿನಲ್ಲಿ ಇನ್ನೂ ಕಲ್ಲಿದ್ದಲ ಪುಡಿ ಉಳಿದಿದೆ. ಚಂದವ್ವ ಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಹೊರಳಿಸಿ ಎಣ್ಣೆಗೆ ಬಿಡುತ್ತಲೇ ಉತ್ತರ ಕೊಡುತ್ತಾರೆ.

‘ಕೈ ಚಾಚ್ಯಾನಂದ್ರ ಹೊಟ್ಟ್ಯಾಗ ಏನೋ ಕರಳ ಐತಿ ಅಂತ ತಿಳಕೋ. ಮುಂದಿಂದ ಇವತ್ತ ಗೊತ್ತಾಕ್ಕೈತಿ, ಕುಂದ್ರು. ಬೆಂಚಿಗಿ ಕರಿ ಹತ್ತಸಬ್ಯಾಡ.’

ಆದಿತ್ಯವಾರ ಬೆಳಗಿನ ಏಳು ಆಗುತ್ತ ಬಂದಿದೆ. ಕೆಳಗಿನ ರಸ್ತೆಯಲ್ಲಿ ಪಾವ್ ಮಾರುವವನ ಸೈಕಲ್ ಹಾರ್ನು ಕೇಳುತ್ತದೆ. ಅದರ ಹಿಂದೆಯೇ ವೆರ್ಣಾದ ಕಂಪನಿ ಬಸ್ಸು ಬಂದು ರಾತ್ರಿಪಾಳಿಯವರನ್ನು ಇಳಿಸುತ್ತದೆ. ಇಳಿದವರಲ್ಲಿ ಅರ್ಧಕ್ಕರ್ಧ ಜನ ಕೋಣೆಗೆ ಹೋಗುವುದಿಲ್ಲ, ನೇರ ಇಲ್ಲಿಗೇ ಬರುತ್ತಾರೆ.

ದಾರಿಹೋಕರು ಕೇಳಿಸಿಕೊಂಡರೆ ಯಾರದೋ ಮನೆಯ ಬೀಗರ ಜಗಳ ಅಂದುಕೊಂಡಾರು. ಗಂಗಪ್ಪ ಕೇಳುತ್ತಿರುವುದು ಒಂದು ಇಂಗ್ಲಿಷ್ ಸೂಪರ್‌ಹೀರೋ ಸಿನಿಮಾದ ವಿಷಯ. ಅದರ ಹೀರೋ ಬೀಳುವುದನ್ನೆಲ್ಲ ತಡೆದು ನಿಲ್ಲಿಸುವವನು. ಕಟ್ಟಡ, ಸೇತುವೆ, ವಿಮಾನ, ಏನು ಬಿದ್ದರೂ ಎರಡು ಅಂಗೈ ಎತ್ತುತ್ತಾನೆ, ಬೀಳುವುದು ಅಲ್ಲೇ ನಿಲ್ಲುತ್ತದೆ. ಡಿಸ್ಕಿನ ಡಬ್ಬಿಯ ಮೇಲಿರುವ ಅವನ ಹೆಸರು ಇಲ್ಲಿ ಯಾರ ನಾಲಿಗೆಯಲ್ಲೂ ಹೊರಳುವುದಿಲ್ಲ. ಚಂದವ್ವ ಅವನನ್ನು ಆಸರಪ್ಪ ಎಂದು ಕರೆದರು. ಈ ದಿಬ್ಬದ ಮೇಲೆ ಅವನಿಗೆ ಅದೇ ಹೆಸರು.

ವಾಸ್ಕೊದಿಂದ ವೆರ್ಣಾಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಮುರಕಲ್ಲಿನ ದಿಬ್ಬದ ಮೇಲೆ ಚಂದವ್ವನ ತಗಡಿನ ನಾಷ್ಟಾ ಅಂಗಡಿಯಿದೆ. ವಾರದ ಆರು ದಿನ ಚುರಮುರಿ ಒಗ್ಗರಣೆ, ಮಿರ್ಚಿ, ಚಹಾ. ಆದಿತ್ಯವಾರ ಇವುಗಳ ಜೊತೆಗೆ ಸಿನಿಮಾ. ಮೂಲೆಯ ಟಿವಿಯಲ್ಲಿ ಚಿತ್ರ ಓಡುತ್ತದೆ, ಸದ್ದು ಮಾತ್ರ ಬಂದ್. ಟಿವಿಯ ಪಕ್ಕದಲ್ಲಿ ಮಿರ್ಚಿ ತೆಗೆಯುವ ಜಾಲರಿ ಸೌಟು ಹಿಡಿದು ನಿಂತು ಚಂದವ್ವನೇ ಎಲ್ಲರ ಮಾತನ್ನೂ ಕನ್ನಡದಲ್ಲಿ ಆಡುತ್ತಾರೆ. ಟಿಕೀಟು ಇಲ್ಲ. ‘ತಿಂದಾವರೂ ನೋಡಬೌದು, ತಿನ್ನದಾವರೂ ನೋಡಬೌದು. ತಿನ್ನದಾವರು ಹಿಂದ ಕುಂದರಬೇಕು, ಅಷ್ಟ,’ ಎನ್ನುತ್ತಾರೆ.

ದನಿಗಳಿಗೆ ಅವರದೇ ಒಂದು ಲೆಕ್ಕವಿದೆ. ಆಸರಪ್ಪ ಧಾರವಾಡ ಸೀಮೆಯವನು, ಮಾತು ಕಡಿಮೆ. ಪೊಲೀಸರು ಹಿಂದಿಯಲ್ಲಿ ಬೈಯುತ್ತಾರೆ. ಖಳನಾಯಕನಿಗೆ ವಿಜಾಪುರದ ಗತ್ತು. ಹೀರೋಯಿನ್ನು ಮಾತ್ರ ಕೊಂಕಣಿ ಬೆರೆಸಿದ ಕನ್ನಡ ಆಡುತ್ತಾಳೆ. ಯಾಕೆ ಹಾಗೆ ಅಂದರೆ, ‘ಅಷ್ಟ ಬೆಳ್ಳಗ ಅದಾಳ, ಕೂದಲಾ ಬಿಟಗೊಂಡಾಳ, ಮತ್ತ ಯಾರಿಗೂ ಹೆದರೂದಿಲ್ಲ. ಮಡಗಾಂವದಾಕಿನ ಇರಬೇಕು,’ ಎಂದು ನಗುತ್ತಾರೆ.

ಇದು ಶುರುವಾದದ್ದು ಮಂದಿಗಾಗಿ ಅಲ್ಲ, ಗಂಡನಿಗಾಗಿ. ಸವದತ್ತಿ ಕಡೆಯಿಂದ ಬಂದ ಚಂದವ್ವ ಮತ್ತು ಸೋಮಲಿಂಗಪ್ಪ ಮೊದಲು ಕಟ್ಟಡ ಕೆಲಸಕ್ಕಿದ್ದರು. ಒಂದು ದಿನ ಸೆಂಟ್ರಿಂಗ್ ಹಲಗೆ ಜಾರಿ ಸೋಮಲಿಂಗಪ್ಪ ಎರಡನೇ ಮಾಳಿಗೆಯಿಂದ ಬಿದ್ದರು, ಸೊಂಟ ಮುರಿಯಿತು. ಒಂದು ವರ್ಷ ಹಾಸಿಗೆ. ಚಂದವ್ವ ಆಗ ವಾಸ್ಕೊದ ಒಂದು ಸೀಡಿ ಅಂಗಡಿಯಲ್ಲಿ ಕಸ ಗುಡಿಸುತ್ತಿದ್ದರು. ಬೆಳಗಾವಿ ಮೂಲದ ಮಾಲೀಕ ಗುರುಪಾದ ಹಳೆಯ ಪ್ಲೇಯರ್ ಒಂದನ್ನು, ಡಬ್ಬಿ ಒಡೆದು ಮಾರಾಟವಾಗದೆ ಉಳಿದ ಡಿಸ್ಕೊಂದನ್ನು ಕೊಟ್ಟು ಕಳಿಸಿದರು. ಅದರಲ್ಲಿದ್ದವನೇ ಆಸರಪ್ಪ.

‘ಮಕ್ಕೊಂಡಲ್ಲೇ ಕೇಳತಿದ್ನಿರಿ, ಏನಂತಾನ ಅಂವಾ, ಏನಂತಾಳ ಆಕಿ ಅಂತ,’ ಎನ್ನುತ್ತಾರೆ ಸೋಮಲಿಂಗಪ್ಪ. ಈಗ ಕೋಲೂರಿ ಓಡಾಡುತ್ತಾರೆ, ಚಹಾದ ಒಲೆ ಅವರದೇ ವಶ. ‘ಈಕಿಗೂ ಇಂಗ್ಲಿಷ್ ಬರೂದಿಲ್ಲ, ನನಗೂ ಬರೂದಿಲ್ಲ. ಆದ್ರ ಈಕಿ ಗೊತ್ತಿಲ್ಲ ಅಂತ ಹೇಳೂ ಪೈಕಿ ಅಲ್ಲ. ಕಟ್ಟಡ ಬೀಳೂದು ಬಂತಂದ್ರ ನಾ ಕಣ್ಣ ಮುಚ್ಚತಿದ್ನಿ. ತಗಿ ಕಣ್ಣ, ಹಿಡದಾನ, ಹಿಡದಾನ ಅಂತ ಒದರತಿದ್ಲು.’

ಕಿಟಕಿಯಲ್ಲಿ ನಿಂತು ಕೇಳಿದ ನೆರೆಯವರು ಒಳಗೆ ಬಂದು ಕೂತರು. ಸೋಮಲಿಂಗಪ್ಪ ಎದ್ದು ಓಡಾಡುವ ಹೊತ್ತಿಗೆ ಕೋಣೆ ಸಾಲದಾಯಿತು. ನಾಷ್ಟಾ ಅಂಗಡಿ ಹಾಕಿದಾಗ ಟಿವಿ ಇಲ್ಲಿಗೆ ಬಂತು.

ಸೋದರಮಾವ ಬಂದದ್ದೂ ಆ ಹಾಸಿಗೆಯ ಕಾಲದಲ್ಲೇ. ಮೊದಲ ಭಾಗದ ಮೊದಲ ದೃಶ್ಯದಲ್ಲಿ ಖಳನಾಯಕ ಕೈಯಲ್ಲೊಂದು ಪೆಟ್ಟಿಗೆ ಹಿಡಿದು ಹೀರೋನ ಮನೆಗೆ ಬರುತ್ತಾನೆ. ಹೀರೋನ ತಾಯಿ ಅವನನ್ನು ಬಾಗಿಲಲ್ಲೇ ನಿಲ್ಲಿಸಿ, ಏನೋ ಅಂದು, ಬಾಗಿಲು ಹಾಕಿಕೊಳ್ಳುತ್ತಾಳೆ. ಅವನ ಕಣ್ಣು ತುಂಬಿ ಬರುತ್ತದೆ. ಚಂದವ್ವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅವನು ಆ ತಾಯಿಯ ತಮ್ಮ. ಅಕ್ಕನ ಮಗನಿಗೆ ತನ್ನ ಮಗಳನ್ನು ಕೊಡುತ್ತೇನೆಂದು ಸೀರೆ ಕುಬಸ ತಗೊಂಡು ಬಂದಿದ್ದಾನೆ. ಅಕ್ಕ ಒಲ್ಲೆ ಅಂದಿದ್ದಾಳೆ.

‘ಹೆಣ್ಣ ಕೊಡಾಕ ಬಂದ ತಮ್ಮನ್ನ ಬಾಗಲದಾಗ ನಿಂದರಿಸಿ ಕಳಸಿದ್ರ ಯಾರಿಗಿ ಸಿಟ್ಟ ಬರೂದಿಲ್ಲ ಹೇಳ್ರಿ? ಬರೂದ. ಆದ್ರ ಊರ ಸುಡಬಾರದಿತ್ತು. ಅದು ತಪ್ಪ,’ ಎನ್ನುತ್ತಾರೆ ಚಂದವ್ವ.

ನಾಲ್ಕು ಭಾಗಗಳು ಈ ಒಂದು ಮಾತಿನ ಮೇಲೆ ನಡೆದಿವೆ. ಊರು ಉರಿದಾಗ ಮಂದಿ ಮಾವನನ್ನು ಬೈದಿದ್ದಾರೆ, ಅವನ ಒಂಟಿತನ ಕಂಡು ಹೆಂಗಸರು ಕಣ್ಣೊರೆಸಿಕೊಂಡಿದ್ದಾರೆ. ಬೈಲಹೊಂಗಲದ ಗಂಗಪ್ಪನಿಗಂತೂ ಇದು ಸಿನಿಮಾ ಅಲ್ಲವೇ ಅಲ್ಲ. ಅವರ ಅಕ್ಕನೂ ಅವರ ಮಗಳನ್ನು ಒಲ್ಲೆನೆಂದು ಮಗನಿಗೆ ಬೇರೆ ಕಡೆ ಹೆಣ್ಣು ತಂದಳು. ಅಂದಿನಿಂದ ಅವರು ಆ ಓಣಿಯನ್ನೇ ತುಳಿದಿಲ್ಲ. ಫೋನಿಲ್ಲ, ಹಬ್ಬಕ್ಕೆ ಹೋಗುವುದಿಲ್ಲ. ‘ಐದನೇದ್ರಾಗ ಅಂವ ಏನ ಮಾಡ್ತಾನ ನೋಡೂನು. ಆಮ್ಯಾಲ ನಾನೂ ವಿಚಾರ ಮಾಡ್ತೀನಿ,’ ಎಂದು ಚಹಾ ಬಟ್ಟಲನ್ನು ತಿರುಗಿಸುತ್ತಾರೆ. ತಮಾಷೆಗೆ ಹೇಳಿದ್ದಲ್ಲ.

ಡಿಸ್ಕುಗಳಿರುವುದು ಚುರಮುರಿಯ ಸ್ಟೀಲ್ ಡಬ್ಬಿಯಲ್ಲಿ. ಗೋವಾದ ಮಳೆಗಾಲದಲ್ಲಿ ಚಪ್ಪಲಿಗೂ ಬೂಸು ಬರುತ್ತದೆ, ಡಿಸ್ಕಿಗೆ ಬರುವುದೇನು ದೊಡ್ಡ ಮಾತಲ್ಲ. ‘ಚುರಮುರಿ ಮೆತ್ತಗಾಗಲಾರದ ಡಬ್ಬ್ಯಾಗ ಇದೂ ಮೆತ್ತಗಾಗೂದಿಲ್ಲ,’ ಎನ್ನುವುದು ಚಂದವ್ವನ ಲೆಕ್ಕ. ಶನಿವಾರ ಮಧ್ಯಾಹ್ನ ಗಿರಾಕಿ ಕಡಿಮೆ. ಆಗ ಬಾಗಿಲು ಮುಂದೆ ಮಾಡಿಕೊಂಡು ಮರುದಿನದ ಸಿನಿಮಾ ಹಾಕಿ, ನಿಲ್ಲಿಸಿ, ಹಿಂದೆ ಸರಿಸಿ, ಯಾರ ಬಾಯಿಗೆ ಯಾವ ಮಾತು ಕೂಡುತ್ತದೆ ಎಂದು ಆಡಿ ನೋಡುತ್ತಾರೆ. ‘ಡಿಸ್ಕ ನಾ ನಿಂದರು ಅಂದಲ್ಲಿ ನಿಂದರತೈತ್ರಿ. ಮಿರ್ಚಿ ತಗದ ಬರೂತನಾ ಆಸರಪ್ಪ ಕೈ ಎತ್ತಗೊಂಡ ನಿಂತಿರತಾನ, ಪಾಪ.’

ಗುರುಪಾದ ಅವರ ಅಂಗಡಿಯಲ್ಲಿ ಈಗ ಮೊಬೈಲ್ ಕವರು, ಚಾರ್ಜರ್. ಡಿಸ್ಕಿನ ಕಪಾಟು ಮುರಿದು ಎರಡು ವರ್ಷವಾಯಿತು. ‘ನನ್ನ ಕಡಿಂದ ಕಡೀ ತನಕಾ ಡಿಸ್ಕ ತಗೊಂಡವರು ಇಬ್ಬರ ನೋಡ್ರಿ. ಪಣಜಿಯವರೊಬ್ಬರು ಶೋಕೇಸಿನ್ಯಾಗ ಇಡಾಕ ಒಯ್ಯತಿದ್ರು, ಮ್ಯಾಲಿನ ಪ್ಲಾಸ್ಟಿಕ್ ಸಹಿತ ಬಿಚ್ಚೂದಿಲ್ಲ. ಇನ್ನೊಬ್ಬಾಕಿ ಚಂದವ್ವ, ಸವದ ಹೋಗೂತನಾ ತಿರಗಸಾಕಿ,’ ಎನ್ನುತ್ತಾರೆ ಅವರು. ಆಸರಪ್ಪನ ಐದನೇ ಭಾಗಕ್ಕೆ ಡಿಸ್ಕೇ ಬರುವುದಿಲ್ಲ ಎಂಬ ಸುದ್ದಿ ಹೇಳಿದವರೂ ಅವರೇ. ಅದು ಫೋನಿನಲ್ಲಿ ಮಾತ್ರ ಬರುತ್ತದೆ, ತಿಂಗಳ ಚಂದಾ ಕಟ್ಟಿದವರಿಗೆ.

ಚಂದಾ ಕಟ್ಟಿದವಳು ಈ ದಿಬ್ಬದಲ್ಲೇ ಇದ್ದಾಳೆ. ಹುಬ್ಬಳ್ಳಿಯ ಪರ್ವೀನ ವೆರ್ಣಾದಲ್ಲಿ ಔಷಧ ಪ್ಯಾಕಿಂಗ್ ಮಾಡುವವಳು, ಆಸರಪ್ಪನ ದೊಡ್ಡ ಅಭಿಮಾನಿ. ಅವನ ಎರಡು ಅಂಗೈ ಅಚ್ಚಾದ ಟೀಶರ್ಟು ಹಾಕಿಕೊಳ್ಳದ ಆದಿತ್ಯವಾರವಿಲ್ಲ. ಕೋಣೆಯ ಗೆಳತಿಯರೊಂದಿಗೆ ಸೇರಿ ಚಂದಾ ಕಟ್ಟುತ್ತಾಳೆ. ಆ ಫೋನಿನಲ್ಲಿ ಒಮ್ಮೆ ಮೂರನೇ ಭಾಗ ಹೇಳದೆ ಕೇಳದೆ ಮಾಯವಾದಾಗ, ಚಂದವ್ವನ ಚುರಮುರಿ ಡಬ್ಬಿಯಿಂದ ಡಿಸ್ಕು ತೆಗೆಸಿ ನೋಡಿದವಳೂ ಅವಳೇ. ಕಳೆದ ತಿಂಗಳು ಅವಳಿಗೆ ಗೊತ್ತಾದದ್ದು ಬೇರೆಯೇ ಒಂದು ಸಂಗತಿ. ಐದೂ ಭಾಗಗಳು ಈಗ ಫೋನಿನಲ್ಲಿ ಕನ್ನಡದಲ್ಲೇ ಮಾತಾಡುತ್ತವೆ. ಐದನೆಯದನ್ನು ಎಲ್ಲರ ಜೊತೆ ನೋಡಲು ಉಳಿಸಿಕೊಂಡು, ಹಳೆಯ ನಾಲ್ಕನ್ನೂ ಕೇಳಿಸಿಕೊಂಡು ಬಂದು ಅಂಗಡಿಯ ನಡುವೆ ನಿಂತು ಹೇಳಿಬಿಟ್ಟಳು.

‘ಅಂವ ಮಾವ ಅಲ್ಲಬೇ ಚಂದವ್ವ. ವಿಜ್ಞಾನಿ ಅಂತ. ಆ ಪೆಟಿಗ್ಯಾಗ ಸೀರಿ ಇಲ್ಲ, ಮಶಿನ್ ಐತಿ. ಆಸರಪ್ಪನ ಅವ್ವ ಇವನ ಜೋಡಿ ಕೆಲಸಾ ಮಾಡಾಕಿ, ಅಷ್ಟ. ಸಂಬಂಧಾನ ಇಲ್ಲ.’

ಅವತ್ತು ಯಾರೂ ಎರಡನೇ ಚಹಾ ಕೇಳಲಿಲ್ಲವಂತೆ. ಗಂಗಪ್ಪ ಮೊದಲು ಪರ್ವೀನಳನ್ನು ಬೈದರು, ಆಮೇಲೆ ಚಂದವ್ವನನ್ನು. ಕೆಲವರು ನಕ್ಕರು. ಕನ್ನಡದಲ್ಲೇ ಬರುವಾಗ ಅದನ್ನೇ ಕೇಳಿದರಾಯಿತು ಎಂದು ನಾಲ್ಕೈದು ಮಂದಿ ಅಂದರು. ಸೋಮಲಿಂಗಪ್ಪ ಫೋನಿನ ಕನ್ನಡವನ್ನು ಕೇಳಿಸಿಕೊಂಡು ಬಂದು ತೀರ್ಪು ಕೊಟ್ಟರು: ‘ನಮ್ಮಾಕಿಯ ಆಸರಪ್ಪ “ಬಂದ್ನಿ ತಡೀ” ಅಂತಾನ. ಅಲ್ಲೆ ಅಂವ “ನಾನು ಬರುತ್ತಿದ್ದೇನೆ, ಧೈರ್ಯವಾಗಿರಿ” ಅಂತಾನ. ಅಷ್ಟ ಅನ್ನೂದ್ರಾಗ ಅರ್ಧಾ ಕಟ್ಟಡ ಬಿದ್ದಿರತೈತಿ.’

ಚಂದವ್ವ ಮಾತ್ರ ಈ ತಮಾಷೆಗೆ ನಗುವುದಿಲ್ಲ. ‘ನಾ ಸುಳ್ಳ ಹೇಳಿಲ್ರಿ. ಕಂಡದ್ದ ಹೇಳೇನಿ,’ ಎನ್ನುತ್ತಾರೆ. ‘ಆದ್ರ ಅಂವಾನ ಕನ್ನಡ ಮಾತಾಡಾಕ ಕಲತ ಮ್ಯಾಲ ನನ್ನ ಬಾಯಿ ಯಾರಿಗಿ ಬೇಕು? ಮಿರ್ಚಿ ಎಲ್ಲಾ ಕಡೆ ಸಿಗತಾವ,’ ಎಂದು ಒಲೆ ಸಣ್ಣದು ಮಾಡುತ್ತಾರೆ.

ಇವತ್ತು ಐದನೇ ಭಾಗದ ದಿನ. ಡಿಸ್ಕಿಲ್ಲ, ಆದ್ದರಿಂದ ನಿನ್ನೆ ಶನಿವಾರದ ತಾಲೀಮೂ ಆಗಿಲ್ಲ. ಪರ್ವೀನ ತನ್ನ ಫೋನನ್ನು ಟಿವಿಗೆ ಜೋಡಿಸುತ್ತಾಳೆ, ರಿಮೋಟು ಅವಳ ಮಡಿಲಿನಲ್ಲಿದೆ. ಬೆಂಚು ಭರ್ತಿಯಾಗಿದೆ. ಬಾಗಿಲಲ್ಲಿ ನಿಂತವರು ಒಬ್ಬರ ಹೆಗಲ ಮೇಲೆ ಒಬ್ಬರು ಗದ್ದ ಇಟ್ಟಿದ್ದಾರೆ. ಟಿವಿಯ ಪಕ್ಕದ ಜಾಗ ಖಾಲಿ.

‘ಒಂದ ಸಲಾನೂ ಮಂದಿ ಹಂಗ ಕುಂತ ನೋಡಿಲ್ರಿ. ಇವತ್ತ ನೋಡ್ತೀನಿ,’ ಎಂದು ಚಂದವ್ವ ತಾಟಿನಲ್ಲಿ ಒಗ್ಗರಣೆ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ತಿನ್ನದವರ ಜಾಗ ಅದು. ಯಾರೋ ಸರಿದು ಕೊಡುತ್ತಾರೆ.

ಆಸರಪ್ಪ ಕನ್ನಡದಲ್ಲಿ ಮಾತಾಡುತ್ತಾನೆ. ಶುದ್ಧವಾದ, ರೇಡಿಯೋ ವಾರ್ತೆಯಂಥ ಕನ್ನಡ. ಹೀರೋಯಿನ್ನೂ ಅದನ್ನೇ ಆಡುತ್ತಾಳೆ, ಪೊಲೀಸರೂ ಅದನ್ನೇ. ಎಲ್ಲ ಸ್ಪಷ್ಟವಾಗಿ ತಿಳಿಯುತ್ತದೆ. ಮಂದಿ ಸುಮ್ಮನೆ ನೋಡುತ್ತಾರೆ. ಇಲ್ಲಿ ಆದಿತ್ಯವಾರ ಇಷ್ಟು ಸುಮ್ಮನಿರುವುದು ರೂಢಿಯಲ್ಲ. ಒಂದು ಸೇತುವೆ ಬೀಳುತ್ತದೆ, ಅವನು ಹಿಡಿಯುತ್ತಾನೆ, ಯಾರೂ ಸಿಳ್ಳೆ ಹೊಡೆಯುವುದಿಲ್ಲ. ಸೋಮಲಿಂಗಪ್ಪ ಒಮ್ಮೆ ಹೆಂಡತಿಯ ಕಡೆ ತಿರುಗಿ ನೋಡಿ ಮತ್ತೆ ಟಿವಿಯತ್ತ ಹೊರಳುತ್ತಾರೆ.

ಆಮೇಲೆ ಆ ದೃಶ್ಯ ಬರುತ್ತದೆ. ಸಮುದ್ರದ ದಂಡೆ. ಹಿಂದಿನ ಭಾಗದ ಕೊನೆಯಲ್ಲಿ ಕೈ ಚಾಚಿ ಹೀರೋನನ್ನು ಉಳಿಸಿದ ಖಳನಾಯಕ ಈಗ ಎದುರಿಗೆ ನಿಂತಿದ್ದಾನೆ. ಯಾಕೆ ಉಳಿಸಿದೆ ಎಂದು ಆಸರಪ್ಪ ಕೇಳುತ್ತಾನೆ. ಅವನು ಮುಖ ತಿರುಗಿಸಿ, ‘ನಿನಗೂ ನನಗೂ ಯಾವ ಸಂಬಂಧವೂ ಇಲ್ಲ,’ ಎನ್ನುತ್ತಾನೆ.

ಮುಂದಿನ ಬೆಂಚಿನಿಂದ ಗಂಗಪ್ಪ ಹಿಂದೆ ನೋಡದೆಯೇ ಕೇಳುತ್ತಾರೆ.

‘ಚಂದವ್ವ, ಸಂಬಂಧ ಇಲ್ಲ ಅಂದನಲ್ಲ ಅಂವ?’

ಚಂದವ್ವ ಬಾಯಲ್ಲಿದ್ದುದನ್ನು ನುಂಗುವವರೆಗೆ ಕಾಯಿಸುತ್ತಾರೆ.

‘ಹೌದೋ. ಸಂಬಂಧ ಇಲ್ಲದಾಂವ ಎಂದರ ಹಂಗ ಅಂತಾನೇನ? ಬಸ್ಸಿನ್ಯಾಗ ಬಾಜೂಕ ಕುಂತಾಂವಗ ನೀ ಅಂತೀಯೇನ, ನಿನಗೂ ನನಗೂ ಸಂಬಂಧ ಇಲ್ಲ ಅಂತ? ಅದು ಕಳ್ಳುಬಳ್ಳಿಯವರ, ರಕ್ತ ಹಂಚಕೊಂಡವರ ಆಡೂ ಮಾತು.’

ಗಂಗಪ್ಪ ಅಂಗೈಯಿಂದ ಹುಬ್ಬು ಒರೆಸಿಕೊಳ್ಳುತ್ತಾರೆ, ಅಂಗೈ ಕಪ್ಪಾಗುತ್ತದೆ. ಟಿವಿಯಲ್ಲಿ ಖಳನಾಯಕ ಇನ್ನೂ ಏನೋ ಹೇಳುತ್ತಿದ್ದಾನೆ. ಪರ್ವೀನ ಹಿಂದಿನ ಸಾಲಿನ ಚಂದವ್ವನತ್ತ ತಿರುಗಿ, ಮಡಿಲಿನ ರಿಮೋಟು ಎತ್ತಿಕೊಂಡು, ಅವನ ದನಿ ಪಕ್ಕದ ಮನೆಯಿಂದ ಕೇಳುವ ಮಾತಿನಷ್ಟು ಸಣ್ಣದಾಗುವವರೆಗೆ ಸದ್ದಿನ ಒಂದೊಂದೇ ಗೆರೆ ಇಳಿಸುತ್ತಾಳೆ.