ಮಾಳಪ್ಪನ ಚರಗಿ

ಊರಿನ ದೊಡ್ಡ ರೈತನ ಹೊಲದ ನಡುವೆ ಕುಕ್ಕರಗಾಲಿನಲ್ಲಿ ಕೂತು, ನೆಲದಲ್ಲಿ ಬಾಯಿಮಟ್ಟ ಹುಗಿದ ಹಿತ್ತಾಳೆ ಚರಗಿಯೊಳಗೆ ಇಣುಕಿ, "ಖಾಲಿ ಅದ" ಎಂದಷ್ಟೇ ಹೇಳಿ ಕುರಿ ಹೊಡೆದುಕೊಂಡು ಹೋಗುವ ಎದೆಗಾರಿಕೆ ನಮ್ಮ ಕಾಸಾರಶಿರಸಿ ಸೀಮೆಯಲ್ಲಿ ಒಬ್ಬನಿಗೇ ಇತ್ತು. ಅವನು ಕುರಿಗಾರ ಮಾಳಪ್ಪ.

ಬಿತ್ತನೆಗೆ ಮುಂಚೆ ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ನಿಲ್ಲಿಸುವುದು ನಮ್ಮಲ್ಲಿ ಹಳೆಯ ರೂಢಿ. ಉಳಿದ ಕುರಿಗಾರರು ಜೋಳ ಕೊಟ್ಟವನ ಹೊಲಕ್ಕೆ ನುಗ್ಗುತ್ತಾರೆ. ಮಾಳಪ್ಪ ಹಾಗಲ್ಲ. ಹಿಂದಿನ ಸಂಜೆಯೇ ಬಂದು ಚರಗಿ, ಅಂದರೆ ತನ್ನ ನೀರಿನ ತಂಬಿಗೆ, ಹುಗಿಯುವನು. ಬೆಳಿಗ್ಗೆ ಅದರಲ್ಲಿ ನೆಲಜೇಡವೋ ಓಡುಹುಳವೋ ಸಗಣಿಹುಳವೋ ಬಿದ್ದಿದ್ದರೆ ಕುರಿ ಒಳಗೆ. ಏನೂ ಇಲ್ಲದಿದ್ದರೆ ನೀವು ಚೀಲಗಟ್ಟಲೆ ಜೋಳ ಸುರಿದರೂ ಇಲ್ಲ. ಸಗಣಿಹುಳಕ್ಕೆ ಅವನು ಹಮಾಲ ಎನ್ನುತ್ತಿದ್ದ, ಜೇಡಕ್ಕೆ ಪೊಲೀಸ್ ಪಾಟೀಲ.

ನಾನು ಆಗ ಈ ಸೀಮೆಯ ಅತಿ ಚೊಕ್ಕ ಹೊಲದ ಒಡೆಯ. ಹಾಗೆಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಯಂತ್ರ ತರಿಸಿ ಬದುವಿನ ಕಲ್ಲನ್ನೆಲ್ಲ ಎತ್ತಿಸಿದ್ದೆ. ಸುಗ್ಗಿ ಮುಗಿದರೆ ಕೂಳೆಗೆ ಬೆಂಕಿ, ಬದುವಿಗೆ ಬೆಂಕಿ, ಸುಡದೆ ಉಳಿದ ಹುಲ್ಲಿಗೆ ಔಷಧ. ಆಮೇಲೆ ನಡುಹೊಲದಲ್ಲಿ ನಿಂತು ಫೋಟೊ. ಆ ಫೋಟೊ ನೋಡಿ ದೇವಣಿಯಿಂದ ನಿಲಂಗಾದವರೆಗಿನ ನನ್ನಂಥ ಮಹಾಪಂಡಿತರು ಫೋನಿನಲ್ಲಿ ಹೆಬ್ಬೆರಳು ಎತ್ತಿ ಕಳಿಸುತ್ತಿದ್ದರು. ಸೋಯಾಬೀನ್ ಸಸಿ ನಾಲ್ಕೆಲೆ ಬಿಡುವುದರೊಳಗೆ ಹುಳ ಬುಡಕ್ಕೇ ಕತ್ತರಿಸಿ ಮಲಗಿಸುತ್ತಿತ್ತು. ಅದರ ಫೋಟೊ ಮಾತ್ರ ನಮ್ಮಲ್ಲಿ ಯಾರೂ ಕಳಿಸುತ್ತಿರಲಿಲ್ಲ. ಸತತ ಎರಡು ವರ್ಷ ಹಾಗಾಯಿತು. ಕುರಿ ನಿಂತರಾದರೂ ಮಣ್ಣು ಸುಧಾರಿಸೀತು, ಇಲ್ಲದಿದ್ದರೆ ಅಪ್ಪ ಮಾಡಿಟ್ಟ ಹೊಲ ನನ್ನ ಕೈಯಲ್ಲೇ ಸಾಯುತ್ತದೆ ಎಂದು ಹೆದರಿ ಮಾಳಪ್ಪನನ್ನು ಕರೆದೆ.

ಅವನು ಬೆಳಿಗ್ಗೆ ಚರಗಿ ನೋಡಿ, ಅಂಗೈಯಲ್ಲಿ ತಂಬಾಕು ತಿಕ್ಕುತ್ತ ಎದ್ದ.

"ಇದೇನ್ ಹೊಲರೀ ಮಾಲಕ, ಲಗ್ನದ ಹಾಲ್ ಆಗ್ಯದ. ಒಂದ್ ಜ್ಯಾಡ ಕುಂದ್ರಲಾಕ ನೆಳ್ಳಿಲ್ಲ. ಹುಳಾ ತಿನ್ನಾವ್ರಿಗಿ ನೀವೇ ಸುಟ್ಟೀರಿ, ಮತ್ತ ಹುಳಾ ಬಂದವಂತ ಅಳ್ಲಾತೀರಿ."

"ಗೊಬ್ಬರ ಬಿದ್ದರ ಎಲ್ಲಾ ಸುಧಾರಸ್ತದ, ನೀ ಕುರಿ ಬಿಡು" ಎಂದೆ.

"ನನ್ನ ಕುರಿ ಹಿಕ್ಕಿ ಹಾಕ್ತಾವ. ಅದನ್ನ ಮಣ್ಣಾಗ ಒಯ್ಯಾವ್ರು ಯಾರು? ಹಮಾಲರು ಒಬ್ರೂ ಇಲ್ಲ. ಮ್ಯಾಲೇ ಒಣಗಿ ಗಾಳಿಗಿ ಹೋಗ್ತದ. ನಾ ಬರಂಗಿಲ್ಲ."

ಮರುವರ್ಷ ಮತ್ತೆ ಗೋಗರೆದು ಕರೆಸಿದೆ. ಈ ಸಲ ಬುದ್ಧಿ ಓಡಿಸಿದೆ. ಅಂಥ ಬುದ್ಧಿ ನನ್ನಂತೆ ಉದಗೀರದಲ್ಲಿ ಕಾಲೇಜು ಕಲಿತವರಿಗೆ ಮಾತ್ರ ಹೊಳೆಯುತ್ತದೆ. ಊರಾಚೆ ಬೀರಪ್ಪನ ಗುಡಿಯ ಹಿಂದೆ ಒಂದು ದಿಬ್ಬವಿದೆ. ದೇವರ ಜಾಗವೆಂದು ಅಲ್ಲಿ ಯಾರೂ ಹುಲ್ಲು ಕೊಯ್ಯುವುದಿಲ್ಲ, ಬೆಂಕಿ ಇಡುವುದಿಲ್ಲ. ಮಾಳಪ್ಪ ಏಳುವುದಕ್ಕೆ ಮುಂಚೆ ಅಲ್ಲಿಗೆ ಹೋಗಿ ಕಲ್ಲು ಎತ್ತಿ, ಎರಡು ಜೇಡ, ಐದಾರು ಹುಳ ಕರವಸ್ತ್ರದಲ್ಲಿ ಕಟ್ಟಿ ತಂದು ಚರಗಿಗೆ ಸುರಿದೆ. ಸಾಕ್ಷಿಗೆಂದು ನಾಲ್ಕು ಜನ ರೈತರನ್ನೂ ಚಹಕ್ಕೆ ಕರೆದಿದ್ದೆ.

ಮಾಳಪ್ಪ ಒಂದು ಜೇಡವನ್ನು ಅಂಗೈಗೆ ಹತ್ತಿಸಿಕೊಂಡು ಬಿಸಿಲಿಗೆ ಹಿಡಿದ.

"ಮಾಲಕ, ನಿಮ್ಮ ಹೊಲ ಕರೀದು. ಇದರ ಕಾಲಿಗಿ ಕೆಂಪು ಮಣ್ಣು ಹ್ಯಾಂಗ ಹತ್ತ್ಯದ?"

ನಾನು ಕರವಸ್ತ್ರವನ್ನು ಜೇಬಿನ ತಳಕ್ಕೆ ತುರುಕಿದೆ.

"ನಮ್ಮ ದೇವರ ಮನ್ಯಾಗಿಂದು ಕದ್ದು ತಂದೀರಿ. ಹೋಗ್ರಿ, ಇದ್ದಲ್ಲೇ ಬಿಟ್ಟು ಬರ್ರಿ."

ಚಹ ಕುಡಿಯುತ್ತಿದ್ದವರು ನೆತ್ತಿಗೇರಿಸಿಕೊಂಡು ನಕ್ಕರು. ನಾನು ಪೇಟೆಯ ನಡುವೆ ಹಾದು ದಿಬ್ಬಕ್ಕೆ ನಡೆದೆ. ಬೆಳಗಿನ ಹೊತ್ತು ಚರಗಿ ಹಿಡಿದು ಊರ ಹೊರಗೆ ಹೊರಟವನನ್ನು ಕಂಡವರು ಏನು ತಿಳಿದುಕೊಂಡರೋ ಅದನ್ನು ನಾನು ತಿದ್ದಲು ಹೋಗಲಿಲ್ಲ.

ಅಂದಿನಿಂದ ಬದುವಿಗೆ ಬೆಂಕಿ ಇಡಲಿಲ್ಲ. ಜ್ಞಾನೋದಯವಾಗಿ ಅಲ್ಲ, ಆ ಮುದುಕನ ಮೇಲಿನ ಹಟಕ್ಕೆ. ಎತ್ತಿಸಿದ್ದ ಕಲ್ಲುಗಳನ್ನೇ ಮತ್ತೆ ಹೊರಿಸಿ ತಂದು ಹಾಕಿದೆ. ಎರಡು ಮಳೆಗಾಲಕ್ಕೆ ಹುಲ್ಲು ಮೊಣಕಾಲುದ್ದ ಎದ್ದಿತು. ಹೆಬ್ಬೆರಳಿನ ಪಂಡಿತರು ನನ್ನನ್ನು ಸೋಮಾರಿ ಎಂದು ಸಾರಿದರು. ಅವರ ಹೊಲದಲ್ಲಿ ಆ ವರ್ಷ ಮೂರು ಸಲ ಬಿತ್ತಿದರು, ಮತ್ತೂ ಬದು ಸುಟ್ಟರು. ಅವರ ಬಗ್ಗೆ ಕನಿಕರ ಬರಬೇಕು, ನನಗೆ ಬರುವುದಿಲ್ಲ.

ಮೂರನೆಯ ಬೇಸಿಗೆಯಲ್ಲಿ, ಒಂದು ಅಡ್ಡಮಳೆ ಬಿದ್ದ ಮೇಲೆ, ನಾನೇ ನಮ್ಮ ಮನೆಯ ಚರಗಿ ಹುಗಿದೆ. ಬೆಳಿಗ್ಗೆ ತಳದಲ್ಲಿ ಒಂದು ಜೇಡ, ಬೆನ್ನ ತುಂಬ ಮರಿ ಹೊತ್ತುಕೊಂಡು ಕೂತಿತ್ತು. ನಾನು ಹೊಲದಲ್ಲಿ ಒಬ್ಬನೇ ಕುಣಿದೆ. ಆದರೆ ಮಾಳಪ್ಪ ಉದಗೀರದ ದವಾಖಾನೆಯಲ್ಲಿ ಮಲಗಿದ್ದ. ಚರಗಿಯ ಬಾಯಿಗೆ ಬಟ್ಟೆ ಕಟ್ಟಿ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಇವನು ನಂಬದಿದ್ದರೆ ಏನು ಗತಿ ಎಂದು ದಾರಿಯುದ್ದಕ್ಕೂ ಅದೇ ಯೋಚನೆ. ಒಮ್ಮೆ ಕದ್ದವನು ನಾನು.

ಮಂಚದ ಮೇಲೆ ಅವನು ಅರ್ಧವಾಗಿದ್ದ. ಬಟ್ಟೆ ಸರಿಸಿ, ಚರಗಿಯನ್ನು ಕಿಟಕಿಯ ಬೆಳಕಿಗೆ ವಾಲಿಸಿ ಜೇಡದ ಕಾಲುಗಳನ್ನು ಬಹಳ ಹೊತ್ತು ನೋಡಿದ.

"ಕರೀ ಮಣ್ಣು" ಎಂದ.

"ನನ್ನ ಹೊಲದ್ದೇ, ಮಾಳಪ್ಪ."

"ಬಾಳಂತಿಗಿ ಬಸ್ಸಿನ್ಯಾಗ ಕುಂದ್ರಸ್ಕೊಂಡು ಬಂದೀರಲ್ಲ, ಅಕಲ್ ಅದ ಏನ್ ನಿಮಗ? ಹೋಗ್ರಿ, ಇದ್ದಲ್ಲೇ ಬಿಟ್ಟು ಬರ್ರಿ."

ಅದೇ ಬೈಗುಳ. ಈ ಸಲ ಕೇಳಿ ನನ್ನ ಕಣ್ಣು ತುಂಬಿದವು. ನೀರೂ ಕುಡಿಯದೆ ತಿರುಗಿ ಬಂದು, ಜೇಡವನ್ನು ನನ್ನ ಬದುವಿನ ಕಲ್ಲಿನ ಕೆಳಗೆ ಬಿಟ್ಟೆ. ಆಮೇಲೆ ಅವನನ್ನು ನೋಡಲಿಲ್ಲ.

ಬಿತ್ತನೆಗೆ ಎಂಟು ದಿನ ಇರುವಾಗ ಅವನ ಸೊಸೆ ನೀಲವ್ವ ಕರೆಯದೆಯೇ ಕುರಿ ಹೊಡೆದುಕೊಂಡು ಬಂದು ನನ್ನ ಬದುವಿನ ಹತ್ತಿರ ನಿಂತಳು. ಮಾವ ತೀರಿಕೊಂಡು ವಾರವಾಗಿತ್ತು. ನಾನು ಓಡಿಹೋಗಿ ಚರಗಿ ತಂದು ನೆಲ ಕೆದಕತೊಡಗಿದೆ.

"ಬ್ಯಾಡ್ರೀ" ಎಂದಳು ಆಕೆ. "ಮಾವ ಹೇಳಿ ಹೋಗ್ಯಾನ. ಆ ಮಾಲಕನ ಹೊಲದಾಗ ಚರಗಿ ಹುಗೀಬ್ಯಾಡ್ರಿ, ಸೀದಾ ಕುರಿ ಬಿಡ್ರಿ ಅಂದಾನ."